ಕಿವಿ ಕತ್ತರಿಸದ ತುಂಡು

ಹನ್ನೆರಡು ದಿನ ಬೀರುವಿನ ಬೀಗದ ಕೈ ಆ ಕುರಿ ಕಾಯುವವಳ ಹತ್ತಿರ ಇತ್ತು. ಕಣ್ಣಿನ ಪೊರೆಯ ಆಪರೇಷನ್ನಿಗಿಂತ ಶಿಕ್ಷಕಿ ಕಲಿಪಾಳನ್ನು ಹೆಚ್ಚು ಕೊರೆದದ್ದು ಇದೇ. ರಾಜಧಾನಿ ಬಿಷ್ಕೆಕ್ಕಿನ ಆಸ್ಪತ್ರೆಯಲ್ಲಿ ಎಡಗಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಅಂಗಾತ ಮಲಗಿದ್ದಾಗ ಅಕ್ಕಪಕ್ಕದ ಹಾಸಿಗೆಯ ಹೆಂಗಸರು ಸೊಸೆಯರನ್ನು ಬೈದುಕೊಂಡು ಹೊತ್ತು ಕಳೆದರೆ, ಇವಳು ಶಿಶುವಿಹಾರದ ಗಾಜಿನ ಬೀರುವನ್ನು ಮನಸ್ಸಿನಲ್ಲೇ ತೆರೆದು ಮೂವತ್ತೊಂದು ಪಜಲ್ ಡಬ್ಬಿಗಳನ್ನು ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಎಣಿಸುತ್ತಿದ್ದಳು. ಹತ್ತೊಂಬತ್ತನೆಯದಕ್ಕೆ ಬಂದಾಗ ಎಣಿಕೆ ತಪ್ಪುತ್ತಿತ್ತು. ಮತ್ತೆ ಮೊದಲಿಂದ. ಈಗ ನರೀನ್ ಊರಿನ ಬೀದಿಯಲ್ಲಿ, ಕಲ್ಲಿದ್ದಲ ಹೊಗೆ ಇನ್ನೂ ನೆಲ ಬಿಟ್ಟು ಏಳದ ಬೆಳಗಿನಲ್ಲಿ, ಅವಳು ದಾಪುಗಾಲು ಹಾಕುತ್ತಿದ್ದಳು. ಹೊಸ ಕಣ್ಣಿಗೆ ಎಲ್ಲವೂ ನಾಚಿಕೆಯಿಲ್ಲದೆ ಕಾಣುತ್ತಿತ್ತು. ಪಾಪ್ಲರ್ ಮರಗಳ ಹಳದಿ, ಔಷಧಿ ಅಂಗಡಿಯ ಬೋರ್ಡಿನ ಮೇಲಿನ ಹಕ್ಕಿಯ ಹಿಕ್ಕೆ, ತನ್ನ ಕೈಯ ಮೇಲಿನ ಕಂದು ಚುಕ್ಕೆಗಳು. ಇಷ್ಟೊಂದು ಗಲೀಜು ಊರಲ್ಲಿ ಇತ್ತೇ ಅಂದುಕೊಂಡಳು. ಇತ್ತು ಅಂತ ಅವಳಿಗೆ ಮೊದಲೇ ಅನುಮಾನವಿತ್ತು, ಈಗ ಸಾಕ್ಷಿ ಸಿಕ್ಕಿತು, ಅಷ್ಟೆ.

ಈ ಊರಿನ ಜನಕ್ಕೆ ಒಂದು ವಸ್ತುವನ್ನು ಇಟ್ಟುಕೊಳ್ಳಲು ಬರುವುದಿಲ್ಲ ಎಂಬುದು ಅವಳ ಮೂವತ್ತು ವರ್ಷದ ತೀರ್ಮಾನ. ಕುರಿ ಇಟ್ಟುಕೊಳ್ಳಲು ಬರುತ್ತದೆ, ದ್ವೇಷ ಇಟ್ಟುಕೊಳ್ಳಲು ಬರುತ್ತದೆ. ಒಂದು ಪೆನ್ಸಿಲ್ಲನ್ನು ಒಂದು ವಾರ ಇಟ್ಟುಕೊಳ್ಳಲು ಬರುವುದಿಲ್ಲ. ಅವಳ ಪಜಲ್‌ಗಳ ವಿಷಯವೇ ಬೇರೆ. ಶಿಶುವಿಹಾರದ ಸವೆದ ಹಾಸಿಗೆ ಬಟ್ಟೆಗಳಿಂದ ಅವಳೇ ಹೊಲಿದ ಮೂವತ್ತೊಂದು ಚೀಲ, ಪ್ರತಿ ಚೀಲದ ಮೇಲೆ ಕೆಂಪು ದಾರದಲ್ಲಿ ಕಸೂತಿ ಮಾಡಿದ ಸಂಖ್ಯೆ, ಚೀಲದ ಬಾಯಿಗೆ ಎರಡು ಸುತ್ತಿನ ಗಂಟು, ಚೀಲ ಡಬ್ಬಿಯೊಳಗೆ, ಡಬ್ಬಿ ಬೀರುವಿನೊಳಗೆ, ಬೀಗದ ಕೈ ಅವಳ ಕೊರಳಲ್ಲಿ. ಶುಕ್ರವಾರ ಮಾತ್ರ ತೆಗೆಯುವುದು. ಮಕ್ಕಳು ಕೈ ತೊಳೆಯಬೇಕು, ನೆಲದ ಸಂದಿಗೆ ಏನೂ ಬೀಳದಂತೆ ಹಾಸಿದ ಬಿಳಿ ಬಟ್ಟೆಯ ಸುತ್ತ ಕೈ ಬೆನ್ನಿಗೆ ಕಟ್ಟಿ ಕೂರಬೇಕು, ಹೆಸರು ಕರೆಸಿಕೊಂಡವರು ಬಂದು ಒಂದು ತುಂಡು ಇಟ್ಟು ವಾಪಸ್ ಹೋಗಿ ಕೂರಬೇಕು. ಕೊನೆಗೆ ಎಣಿಕೆ. ಎಣಿಕೆ ಮುಗಿಯುವವರೆಗೆ ಯಾರೂ ಎದ್ದು ಹೋಗುವಂತಿಲ್ಲ. ಒಮ್ಮೆ ಒಬ್ಬ ಹುಡುಗಿ ಕೂತಲ್ಲೇ ಒದ್ದೆ ಮಾಡಿಕೊಂಡಿದ್ದಳು, ಅಳಲೂ ಇಲ್ಲ, ಕೆಂಪಾಗಿ ನೆಲ ನೋಡುತ್ತಿದ್ದಳು. ಕಲಿಪಾ ಎಣಿಕೆ ನಿಲ್ಲಿಸಿರಲಿಲ್ಲ. ನಲವತ್ತೆಂಟಕ್ಕೆ ನಲವತ್ತೆಂಟೂ ಬಂದಿದ್ದವು. ಹೊಸ ವರ್ಷಕ್ಕೆ ಅವಳ ನಿವೃತ್ತಿ. ಆ ದಿನ ನಿರ್ದೇಶಕಿ ನೂರ್ಜತ್ ಎದ್ದು ನಿಂತು, 'ಮೂವತ್ತು ವರ್ಷ, ಒಂದೇ ಒಂದು ತುಂಡು ಕಳೆದಿಲ್ಲ' ಅನ್ನುತ್ತಾಳೆ. ಆ ಒಂದು ವಾಕ್ಯಕ್ಕಾಗಿ ಕಲಿಪಾ ಬದುಕಿದ್ದಳು ಎಂದರೂ ತಪ್ಪಿಲ್ಲ. ಗಂಡ ಹೋದ, ಮಗಳು ಕರೆ ಮಾಡುವುದು ಹಬ್ಬಕ್ಕೆ ಮಾತ್ರ. ವಾಕ್ಯ ಉಳಿದಿತ್ತು.

ವಾಕ್ಯ ಸುಳ್ಳಾಗಿತ್ತು. ಹತ್ತೊಂಬತ್ತನೆಯ ಡಬ್ಬಿಯಲ್ಲಿ ಸರೋವರದ ಚಿತ್ರ, ನೀಲಿ ನೀರು, ಎರಡು ಹಂಸ, ಅರವತ್ತಮೂರು ತುಂಡು. ನಾಲ್ಕು ವರ್ಷದ ಹಿಂದೆ ಜಿಲ್ಲಾ ಕಚೇರಿಯವರು ತಪಾಸಣೆಗೆ ಬಂದ ದಿನವೇ ಅರವತ್ತೆರಡು ಬಂದಿತ್ತು. ಮೂರು ಸಲ ಎಣಿಸಿದಳು. ತಪಾಸಣೆಯ ಹೆಂಗಸು ಟೋಪಿ ತೆಗೆಯದೆ ಕೂತು ಉಗುರು ನೋಡಿಕೊಳ್ಳುತ್ತಿದ್ದಳು. ಆಗ ಕಲಿಪಾಳ ಬಾಯಿಂದ, ಯೋಚನೆಗಿಂತ ಮೊದಲು, 'ಸೋನುನ್‌ಳ ಚೀಲ ನೋಡಿ' ಎಂದು ಬಂತು. ಸೋನುನ್ ಆಗಿನ ಆಯಾ. ಚೀಲವನ್ನು ಎಲ್ಲರ ಎದುರು ಮೇಜಿನ ಮೇಲೆ ಸುರಿದರು. ತುಂಡು ಸಿಗಲಿಲ್ಲ. ಜಾಮಿನ ಬಾಟಲಿಯಲ್ಲಿ ಮಕ್ಕಳು ಉಳಿಸಿದ ಬೇಯಿಸಿದ ಮ್ಯಾಕರೋನಿ ಸಿಕ್ಕಿತು, ಎರಡು ಹಿಡಿಯಷ್ಟು, ತಣ್ಣಗಾಗಿ ಗಾಜಿಗೆ ಅಂಟಿಕೊಂಡಿದ್ದು. ಮ್ಯಾಕರೋನಿ ಕದ್ದವಳು ತುಂಡೂ ಕದ್ದಿರುತ್ತಾಳೆ ಅಂತಾಯಿತು. ಸೋನುನ್ ಬಾಟಲಿಯ ಮುಚ್ಚಳ ತಿರುಗಿಸಿ ಗಟ್ಟಿ ಮಾಡಿ ಅಲ್ಲೇ ಮೇಜಿನ ಮೇಲೆ ಬಿಟ್ಟು ಹೋದಳು, ಮತ್ತೆ ಕೆಲಸಕ್ಕೆ ಬರಲಿಲ್ಲ. ಆ ವಾರವೇ ಕಲಿಪಾ ಶೂ ಡಬ್ಬಿಯ ರಟ್ಟು ಕತ್ತರಿಸಿ, ಬಣ್ಣ ಕಲೆಸಿ, ಒಂದು ತುಂಡು ಮಾಡಿ, ಕದ್ದವಳೇ ಎಸೆದು ಹೋಗಿದ್ದಳು ಎಂದು ಹೇಳಿ ಕೂರಿಸಿದಳು. ಬಣ್ಣ ಎಷ್ಟು ಚೆನ್ನಾಗಿ ಕೂಡಿತ್ತೆಂದರೆ ತನಗೇ ಗುರುತು ಸಿಗದೆ ಹೆಮ್ಮೆಪಟ್ಟಿದ್ದಳು. ವಸಂತ ಬಂದಾಗ ಚಳಿಗಾಲದ ಕೋಟು ಬಿಚ್ಚಿ ಒಗೆಯಲು ಹಾಕುವಾಗ, ಹರಿದ ಜೇಬಿನಿಂದ ಒಳಪದರಕ್ಕೆ ಜಾರಿದ್ದ ಗಟ್ಟಿ ಏನೋ ಬೆರಳಿಗೆ ಸಿಕ್ಕಿತು. ಜೇಬು ಹೊಲಿದಳು. ತುಂಡನ್ನು ಗುಂಡಿಗಳ ಡಬ್ಬಿಗೆ ಹಾಕಿದಳು. ವಾಪಸ್ ಇಟ್ಟರೆ ಅರವತ್ತನಾಲ್ಕಾಗುತ್ತದೆ, ನಕಲಿ ತೆಗೆದು ನಿಜ ಹೇಳಿದರೆ ಚೀಲ ಸುರಿಸಿದ್ದು ಯಾರು ಅಂತಾಗುತ್ತದೆ. ಸೋನುನ್ ಈಗ ಮಾರುಕಟ್ಟೆಯ ಬಾಗಿಲಲ್ಲಿ ರೊಟ್ಟಿ ಮಾರುತ್ತಾಳೆ, ಕಲಿಪಾ ಎರಡು ಬೀದಿ ಸುತ್ತಿ ಬೇರೆ ಕಡೆ ರೊಟ್ಟಿ ತರುತ್ತಾಳೆ. ಅವಳು ಕದ್ದದ್ದು ಮ್ಯಾಕರೋನಿಯಾದರೂ ಹೌದಲ್ಲ, ಎಂದು ಈ ನಾಲ್ಕು ವರ್ಷ ತನಗೆ ತಾನೇ ಹೇಳಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಶಿಶುವಿಹಾರದ ದೊಡ್ಡ ಕೋಣೆಯ ಬಾಗಿಲು ತೆಗೆದವಳು ಹೊಸ್ತಿಲಲ್ಲೇ ನಿಂತಳು. ಬೀರು ಬಾಯಿ ತೆರೆದುಕೊಂಡಿತ್ತು. ಉಣ್ಣೆಯ ಜಮಖಾನದ ನಡುವೆ ಮೂವತ್ತೊಂದು ಡಬ್ಬಿಯ ತುಂಡುಗಳೂ ಒಂದೇ ರಾಶಿಯಾಗಿ, ಒಕ್ಕಿದ ಕಾಳಿನ ಹಾಗೆ ಬಿದ್ದಿದ್ದವು. ಸುತ್ತ ಹದಿನೈದು ಮಕ್ಕಳು ಹೊಟ್ಟೆಯ ಮೇಲೆ ಮಲಗಿ, ಮೊಣಕಾಲೂರಿ, ಒಬ್ಬರ ಮೇಲೊಬ್ಬರು ಬಿದ್ದು ರಾಶಿಗೆ ಕೈ ಹಾಕುತ್ತಿದ್ದವು. ನಡುವೆ ಬಾತ್ಮಾ, ಎರಡು ವರ್ಷದ ಹಿಂದೆ ಕುರಿ ಮಾರಿ ಬೆಟ್ಟದ ಹುಲ್ಲುಗಾವಲಿನಿಂದ ಇಳಿದುಬಂದು ಆಯಾ ಕೆಲಸಕ್ಕೆ ಸೇರಿದವಳು, ಚಕ್ಕಳಮಕ್ಕಳ ಹಾಕಿ ಕೂತು ಒಣಮೊಸರಿನ ಉಂಡೆ ಚೀಪುತ್ತಿದ್ದಳು.

"ಬನ್ನಿ ಎಜೆ, ಬನ್ನಿ. ಕಣ್ಣು ಹೇಗಿದೆ?" ಅಂದಳು ಬಾತ್ಮಾ. ಎಜೆ ಎಂದರೆ ಅಕ್ಕ. ಅವಳ ಬಾಯಲ್ಲಿ ಆ ಮಾತಿಗೂ ಬೆಣ್ಣೆಯ ಕಮಟು ಅಂಟಿಕೊಂಡಿರುತ್ತಿತ್ತು.

"ಏನಿದು?"

"ಮೊದಲ ದಿನಾನೇ ಎಲ್ಲ ಕಲಸಿಹೋಯ್ತು ಎಜೆ. ನಾನೇ ಒಂದೊಂದು ಗುಂಪಿಗೆ ಒಂದೊಂದು ಚೀಲ ಕೊಟ್ಟೆ, ನೋಡ್ತಾ ನೋಡ್ತಾ ಎಲ್ಲ ಒಂದಾಯ್ತು. ಬೈಬೇಡಿ. ಐದು ದಿನ ಕೂತು ನಾನೂ ಮಕ್ಕಳೂ ಎಲ್ಲಾನೂ ಜೋಡ್ಸಿದ್ವಿ. ಒಂದೂ ಕಡಿಮೆ ಇಲ್ಲ. ಆಮೇಲೆ ಗುರುತು ಹಾಕಿಬಿಟ್ಟೆ. ಇನ್ನು ಎಷ್ಟು ಕಲಸಿದ್ರೂ ಚಿಂತೆ ಇಲ್ಲ, ನೋಡಿ."

ಕಲಿಪಾ ಬಗ್ಗಿ ಒಂದು ತುಂಡು ಎತ್ತಿದಳು. ಪಕ್ಕದ ತುಂಡಿಗೆ ಸಿಕ್ಕಿಕೊಳ್ಳಲೆಂದು ಹೊರಗೆ ಚಾಚಿದ ದುಂಡು ಕಿವಿಯಲ್ಲಿ ಚಿಕ್ಕ ಕಚ್ಚು, ಕತ್ತರಿಯಿಂದ ಒಂದೇ ಸಲಕ್ಕೆ ಹಾಕಿದ್ದು. ಇನ್ನೊಂದು ಎತ್ತಿದಳು. ಕಿವಿಯ ತುದಿಯೇ ಇಲ್ಲ. ಮತ್ತೊಂದಕ್ಕೆ ಎರಡು ಸೀಳು. ಮರಿಗಳಿಗೆ, ಮಂದೆ ಬೆಟ್ಟ ಹತ್ತುವ ಮೊದಲು ಮನೆಮನೆಯವರು ತಮ್ಮ ತಮ್ಮ ಗುರುತಿಗೆ ಕಿವಿ ಕತ್ತರಿಸುವ ಹಾಗೆ. ಸಾವಿರದ ಇನ್ನೂರು ತುಂಡು. ಈ ಹೆಂಗಸು ಹಗಲೂರಾತ್ರಿ ಕೂತು ಸಾವಿರದ ಇನ್ನೂರು ತುಂಡುಗಳ ಕಿವಿ ಕತ್ತರಿಸಿದ್ದಾಳೆ. ಒಂದು ತುಂಡಿನ ಬೆನ್ನಿಗೂ ಪೆನ್ಸಿಲ್ ತಾಗಿಸದೆ, ಅಚ್ಚಿನಿಂದ ಈಗ ತಾನೇ ಬಿದ್ದ ಹಾಗೆ ಇಟ್ಟುಕೊಂಡು ಬಂದವಳು ಕಲಿಪಾ. ಕೋತಿ ಕೈಗೆ ಮಾಣಿಕ್ಯ ಕೊಟ್ಟರು ಅಂದುಕೊಂಡಳು. ಸಿಟ್ಟಿನ ಅಡಿಯಲ್ಲಿ ಮಾತ್ರ ಬೇರೊಂದು ತಣ್ಣಗೆ ಎದ್ದು ಕೂತಿತ್ತು. ಎಲ್ಲಾನೂ ಜೋಡಿಸಿದ್ದಾರೆ, ಹಾಗಾದರೆ ಹತ್ತೊಂಬತ್ತನ್ನೂ.

"ಇದೇನು ಕುರಿದೊಡ್ಡಿ ಅಂದ್ಕೊಂಡ್ಯಾ?"

"ಅಲ್ಲ ಎಜೆ," ಅಂದಳು ಬಾತ್ಮಾ ನಿಜವಾಗಿ ಯೋಚಿಸಿ. "ದೊಡ್ಡೀಲಾದ್ರೆ ಇಷ್ಟು ಬಗೆ ಗುರುತು ಬೇಕಾಗಲ್ಲ."

ಬೆಗಾಯಿಮ್ ಎಂಬ ಐದು ವರ್ಷದ ಹುಡುಗಿ, ಮುಂದಿನ ಹಲ್ಲು ಬಿದ್ದವಳು, ರಾಶಿಯಿಂದ ಕೈ ತೆಗೆಯದೆ ವಿವರಿಸಿದಳು: "ತುದಿ ಹೋಗಿದ್ರೆ ರೈಲು. ಒಂದು ಸೀಳಿದ್ರೆ ನರಿ. ಎರಡು ಸೀಳಿದ್ರೆ ಹಡಗು. ನಂಗೆ ಎಲ್ಲಾ ಬರುತ್ತೆ." ಮಾತು ಮುಗಿಯುವುದರೊಳಗೆ ಅವಳ ಮುಂದೆ ಏಳೆಂಟು ನರಿ ತುಂಡು ಸೇರಿದ್ದವು. ನೋಡುತ್ತಿದ್ದ ಹಾಗೆ ರಾಶಿ ಕರಗಿ ಸಣ್ಣ ಸಣ್ಣ ಗುಂಪುಗಳಾಗಿ, ಗುಂಪುಗಳು ಚೀಲ ಸೇರತೊಡಗಿದವು. ಯಾರೂ ಕೈ ಬೆನ್ನಿಗೆ ಕಟ್ಟಿರಲಿಲ್ಲ. ಒಬ್ಬ ಮೂಗು ಒರೆಸಿಕೊಂಡ ಕೈಯಲ್ಲೇ ಹಡಗು ಎತ್ತಿದ. ಇವುಗಳ ಅಪ್ಪಂದಿರೂ ಹೀಗೇ, ಮಂಜಿನಲ್ಲೂ ತಮ್ಮ ಕುರಿಯ ಕಿವಿ ಗುರುತಿಸುತ್ತಾರೆ, ತಮ್ಮ ಹೆಸರು ಬರೆ ಅಂದರೆ ಬೆವರುತ್ತಾರೆ. ಮನೆಯಿಂದಲೇ ಬಂದದ್ದು. ಇವರಿಗೆ ಕಲಿಸಲು ಹೋದ ತಾನೇ ದಡ್ಡಿ.

ಅವಳು ಒಂದು ಹಿಡಿ ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ನಿರ್ದೇಶಕಿಯ ಕೋಣೆಗೆ ನಡೆದಳು. ನೂರ್ಜತ್ ಇದೇ ಶಿಶುವಿಹಾರದಲ್ಲಿ ಅವಳ ಕೈಯಲ್ಲೇ ಬೆಳೆದವಳು, ಕೈ ಬೆನ್ನಿಗೆ ಕಟ್ಟಿ ಕೂತವಳು. ಈಗ ತುಟಿಗೆ ಬಣ್ಣ, ಮೇಜಿನ ಮೇಲೆ ಗಾಜು. ಮೂಗಿಗಿಂತ ಮೂಗುತಿ ಭಾರ. ಕಲಿಪಾ ಕರವಸ್ತ್ರ ಬಿಚ್ಚಿ ಗಾಜಿನ ಮೇಲೆ ಸುರಿದಳು.

"ಸರ್ಕಾರಿ ಸ್ವತ್ತು. ನೋಡು ಏನ್ಮಾಡಿದ್ದಾಳೆ. ಇವತ್ತೇ ಅವಳನ್ನ ತೆಗೀಬೇಕು. ನಾನು ಬರ್ಕೊಡ್ತೀನಿ, ನೀನು ಸಹಿ ಹಾಕು."

"ಕೂತ್ಕೊಳ್ಳಿ ಎಜೆ, ಚಹಾ ತರಿಸ್ತೀನಿ. ಇನ್ನೂ ಒಂದು ವಾರ ಬಗ್ಗಬೇಡಿ ಅಂದಿದ್ದಾರಂತಲ್ಲ ಡಾಕ್ಟ್ರು."

"ಕಾಗದ ಕೊಡು."

ನೂರ್ಜತ್ ಕಾಗದ ಕೊಟ್ಟಳು. ಕಲಿಪಾ ಬರೆದಳು. ಅಕ್ಷರಗಳು ಹೊಸ ಕಣ್ಣಿಗೆ ಕರ್ರಗೆ, ಚೂಪಾಗಿ ಕಂಡವು. ಬರೆಯುತ್ತಾ ಬರೆಯುತ್ತಾ ಅವಳಿಗೆ ಒಂದು ದಾರಿ ಹೊಳೆಯಿತು, ಹೊಳೆದ ತಕ್ಷಣ ಕೈ ಅದನ್ನೂ ಬರೆದುಬಿಟ್ಟಿತು: 'ಹತ್ತೊಂಬತ್ತನೆಯ ಪಜಲ್‌ನಲ್ಲಿ ಒಂದು ತುಂಡು ಕಳೆದು, ಅದರ ಬದಲಿಗೆ ರಟ್ಟಿನ ನಕಲಿ ತುಂಡು ಮಾಡಿ ಇಟ್ಟಿರುತ್ತಾಳೆ.' ಎಷ್ಟು ಸುಲಭ. ನಾಲ್ಕು ವರ್ಷದ ಹೊರೆ ಒಂದು ಸಾಲಿನಲ್ಲಿ ಇನ್ನೊಬ್ಬಳ ತಲೆಗೆ ಹೋಯಿತು. ಕುರಿ ಕಾಯುವವಳು, ಅವಳಿಗೇನು, ಇನ್ನೊಂದು ಕಡೆ ನೆಲ ಒರೆಸಿಯಾಳು. ಸೋನುನ್ ಕೂಡ ಸಾಯಲಿಲ್ಲವಲ್ಲ, ರೊಟ್ಟಿ ಮಾರಿಕೊಂಡು ಚೆನ್ನಾಗೇ ಇದ್ದಾಳೆ. ಕಾಗದವನ್ನು ನೂರ್ಜತ್‌ಳ ಕಡೆಗೆ ತಳ್ಳಿದಳು.

ನೂರ್ಜತ್ ಕಾಗದ ಓದಿದಳು. ಕೊನೆಯ ಸಾಲಿಗೆ ಬಂದಾಗ ಅವಳ ತುಟಿ ಸ್ವಲ್ಪ ತೆರೆದುಕೊಂಡು ಮುಚ್ಚಿತು. "ಇದನ್ನ ಬೇರೆ ಬರೆದಿದ್ದೀರಲ್ಲ," ಅಂದಳು. ಆಮೇಲೆ ಎದ್ದು, "ನಡೀರಿ, ನೋಡೋಣ," ಅಂದಳು. ಕಾಗದಕ್ಕೆ ಸಹಿ ಹಾಕಲಿಲ್ಲ, ಕಲಿಪಾಳ ಕೈಗೇ ವಾಪಸ್ ಕೊಟ್ಟಳು.

ಕೋಣೆಯಲ್ಲಿ ರಾಶಿ ಇರಲಿಲ್ಲ. ಮೂವತ್ತು ಚೀಲಗಳು ಗಂಟು ಹಾಕಿಸಿಕೊಂಡು ಸಾಲಾಗಿ ಕೂತಿದ್ದವು. ಹತ್ತೊಂಬತ್ತನೆಯದನ್ನು ಮಾತ್ರ ಮಕ್ಕಳು ಜಮಖಾನದ ಮೇಲೇ ಜೋಡಿಸುತ್ತಿದ್ದರು. ಸರೋವರದ ತುಂಬ ಕಚ್ಚುಗಳು ಸಣ್ಣ ತೂತುಗಳಾಗಿ ಕಾಣುತ್ತಿದ್ದವು, ನೀರಿನ ಮೇಲೆ ಹನಿ ಬಿದ್ದ ಹಾಗೆ. ಎಡಗಡೆಯ ಹಂಸದ ಕೊರಳ ಪಕ್ಕ ಒಂದು ಜಾಗ ಖಾಲಿ ಇತ್ತು. ಅಲ್ಲಿಗೆ ಸೇರಬೇಕಾದ ತುಂಡು ಬಾತ್ಮಾಳ ಅಂಗೈಯಲ್ಲಿತ್ತು.

"ಒಂದು ವಿಷಯ ಕೇಳ್ಬೇಕಿತ್ತು ಎಜೆ," ಅಂದಳು ಬಾತ್ಮಾ. "ಇದೊಂದಕ್ಕೆ ನಾನು ಗುರುತು ಹಾಕಿಲ್ಲ. ಈ ಮಂದೇದಲ್ಲ ಇದು. ಬೇರೆಯವರ ಮಂದೆಯಿಂದ ತಪ್ಪಿಸ್ಕೊಂಡು ಬಂದದ್ದಕ್ಕೆ ಕಿವಿ ಕತ್ತರಿಸಬಾರದು, ಅದು ಕಳ್ಳತನ. ಯಾರದು ಅಂತ ಕೇಳಿ ತಿಳ್ಕೊಂಡು ಒಪ್ಪಿಸ್ಬೇಕು. ಯಾರದಿದು?"

ಕಲಿಪಾ ಕಾಗದ ಮೇಲೆತ್ತಿದಳು. ಹೇಳಬೇಕಾದ ವಾಕ್ಯ ಅದರಲ್ಲಿತ್ತು. ಅಷ್ಟರಲ್ಲಿ ಬೆಗಾಯಿಮ್ ತಲೆಯೆತ್ತದೆ ಅಂದಳು: "ಅದಾ? ಅದು ಕಲಿಪಾ ಎಜೇದು."

"ಯಾರು ಹೇಳಿದ್ದು ನಿಂಗೆ?" ಅಂದಳು ಕಲಿಪಾ.

"ಎಲ್ರಿಗೂ ಗೊತ್ತು. ಹಸಿರು ತುಂಡು ಎಜೇದು. ಬೇರೆ ಯಾರಿಗೂ ಮುಟ್ಟಕ್ಕೆ ಬಿಡಲ್ಲ, ನೀವೇ ಇಡ್ತೀರಲ್ಲ ಯಾವಾಗ್ಲೂ. ನಮ್ಮಣ್ಣನೂ ಹೇಳ್ತಿದ್ದ."

ಹಸಿರು. ಕಲಿಪಾ ಬಾತ್ಮಾಳ ಅಂಗೈಯಿಂದ ತುಂಡು ಕಿತ್ತುಕೊಂಡು ಸರೋವರದ ಪಕ್ಕ ಹಿಡಿದಳು. ಹೊಸ ಕಣ್ಣು ಮುಚ್ಚಿ, ಇನ್ನೂ ಪೊರೆ ಇದ್ದ ಹಳೆಯ ಕಣ್ಣಲ್ಲಿ ನೋಡಿದಳು. ಎರಡೂ ಒಂದೇ ಬಣ್ಣ, ಮಬ್ಬು ನೀಲಿ, ಬೇರೆ ಮಾಡುವ ಹಾಗೇ ಇಲ್ಲ. ಹಳೆಯ ಕಣ್ಣು ಮುಚ್ಚಿ ಹೊಸದರಲ್ಲಿ ನೋಡಿದಳು. ಸರೋವರ ಆಕಾಶದ ಹಾಗೆ ನೀಲಿಯಾಗಿತ್ತು, ಕೈಯಲ್ಲಿದ್ದದ್ದು ಪಾಚಿಗಟ್ಟಿದ ಬಾನಿಯ ಬಣ್ಣದ್ದು. ಮತ್ತೊಮ್ಮೆ ಹಳೆಯದು, ಮತ್ತೊಮ್ಮೆ ಹೊಸದು. ಮಕ್ಕಳು ಅವಳು ಕಣ್ಣು ಮಿಟುಕಿಸುವ ಆಟ ಆಡುತ್ತಿದ್ದಾಳೆಂದು ತಾವೂ ಒಂದೊಂದು ಕಣ್ಣು ಮುಚ್ಚಿ ನಗತೊಡಗಿದವು. ನಾಲ್ಕು ವರ್ಷ, ಪ್ರತಿ ಶುಕ್ರವಾರ, ಬಿಳಿ ಬಟ್ಟೆಯ ನಡುವೆ ಈ ಹಸಿರನ್ನು ತಾನೇ ಗಂಭೀರವಾಗಿ ತಂದು ಇಟ್ಟು ಎಲ್ಲರ ಮುಖ ನೋಡಿದ್ದಳು. ಎಲ್ಲರೂ ನೋಡಿದ್ದರು. ಮೂಗು ಸೋರುವ, ಹೆಸರು ಬರೆಯಲು ಬಾರದ ಇವೆಲ್ಲ.

"ನಿಂಗೂ ಗೊತ್ತಿತ್ತಾ?" ನೂರ್ಜತ್‌ಳನ್ನು ಕೇಳಿದಳು.

"ಗೊತ್ತಿತ್ತು ಎಜೆ. ನಿಮ್ಮ ಕಣ್ಣು ಸರಿ ಇರ್ಲಿಲ್ಲ. ಯಾಕೆ ಸುಮ್ನೆ ನೋಯಿಸೋದು ಅಂತ." ನೂರ್ಜತ್ ನೆಲ ನೋಡಿದಳು. "ಇನ್ನೆರಡು ತಿಂಗಳು, ಆಮೇಲೆ ನಿವೃತ್ತಿ ಅಂತ."

ಕನಿಕರ. ಅವಳು ಮೂವತ್ತು ವರ್ಷ ಇವರ ಮೇಲೆ ಉಗುಳಿಕೊಂಡು ಬಂದಿದ್ದರೆ ಇವರು ಅವಳಿಗೆ ಕನಿಕರ ತೋರಿಸಿಕೊಂಡು ಬಂದಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ವಾಕ್ಯವನ್ನೂ ನೂರ್ಜತ್ ಹೇಳಿಯೇ ತೀರುತ್ತಿದ್ದಳು, ಒಂದು ತುಂಡೂ ಕಳೆದಿಲ್ಲ ಎಂದು, ಸುಳ್ಳೆಂದು ಗೊತ್ತಿದ್ದೂ, ಮುದುಕಿಗೆ ಸಿಹಿ ತಿನ್ನಿಸುವ ಹಾಗೆ. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. ಕಲಿಪಾ ಕಾಗದವನ್ನೂ ಹಸಿರು ತುಂಡನ್ನೂ ಕಿಟಕಿಯ ಕಟ್ಟೆಯ ಮೇಲಿಟ್ಟು ಹೊರಗೆ ಬಂದಳು. ಯಾರೂ ತಡೆಯಲಿಲ್ಲ.

ಮನೆಗೆ ಹೋಗಿ ಗುಂಡಿಗಳ ಡಬ್ಬಿ ಬೋರಲು ಹಾಕಿದಳು. ನಿಜವಾದ ತುಂಡು ಗಂಡನ ಹಳೆಯ ಅಂಗಿಯ ಗುಂಡಿಗಳ ನಡುವೆ ಬಿದ್ದಿತ್ತು, ನೀಲಿಯಾಗಿ. ಅದನ್ನು ಮುಷ್ಟಿಯಲ್ಲಿ ಹಿಡಿದು ಈ ಸಲ ಸುತ್ತು ಹಾಕದೆ ನೇರ ಮಾರುಕಟ್ಟೆಯ ಬಾಗಿಲಿಗೆ ಹೋದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಕಲೆಹಾಕಿದಳು, ಪ್ರತಿ ವಾಕ್ಯವೂ ಮ್ಯಾಕರೋನಿಯ ಹತ್ತಿರ ಬಂದು ನಿಲ್ಲುತ್ತಿತ್ತು. ಸೋನುನ್ ದಪ್ಪಗಾಗಿದ್ದಳು. ಕೆನ್ನೆ ಒಲೆಯ ಝಳಕ್ಕೆ ಒಡೆದಿತ್ತು. ರೊಟ್ಟಿಗಳನ್ನು ಹಚ್ಚಡದ ಕೆಳಗೆ ಬೆಚ್ಚಗೆ ಮುಚ್ಚಿಟ್ಟಿದ್ದಳು. ಕಲಿಪಾ ತುಂಡನ್ನು ಹಲಗೆಯ ಮೇಲಿಟ್ಟಳು.

ಸೋನುನ್ ನೋಡಿದಳು. ಕೈಯಲ್ಲಿ ಮುಟ್ಟಲಿಲ್ಲ. "ಎಲ್ಲಿತ್ತು?"

"ನನ್ನ ಕೋಟಲ್ಲಿ. ಒಳಗೆ ಜಾರಿತ್ತು."

"ಯಾವಾಗ ಸಿಕ್ತು?"

"ಆ ವಸಂತದಲ್ಲೇ."

"ಹೂಂ." ಸೋನುನ್ ಹಚ್ಚಡ ಸರಿಮಾಡಿದಳು. "ನನ್ನ ಮಗಳು ಆ ವರ್ಷ ನಿಮ್ಮ ಹತ್ರಾನೇ ಇದ್ಳಲ್ಲ. ಅಮ್ಮಾ, ಎಜೆ ಒಂದು ಹಸಿರು ತುಂಡು ಮಾಡ್ಕೊಂಡಿದ್ದಾರೆ ಅಂತ ಬಂದು ಹೇಳಿದ್ಳು. ಸುಮ್ನಿರೇ ಅಂದೆ."

"ನಾನು ತಪ್ಪು..."

"ಎಜೆ," ಅಂದಳು ಸೋನುನ್, ದನಿ ಏರಿಸದೆ. "ನನ್ನ ಚೀಲ ಸುರಿದದ್ದು ಈ ಮಾರುಕಟ್ಟೇಲಲ್ಲ. ಇಲ್ಲಿ ಯಾಕೆ ಹೇಳ್ತಿದ್ದೀರಿ? ಎಲ್ಲಿ ಸುರಿದ್ರೋ ಅಲ್ಲಿ ಹೋಗಿ ಹೇಳಿ." ಹಿಂದೆ ಇಬ್ಬರು ಹೆಂಗಸರು ಬಂದು ನಿಂತಿದ್ದರು. "ರೊಟ್ಟಿ ಎಷ್ಟು ಬೇಕು?"

"ಎರಡು," ಅಂದಳು ಕಲಿಪಾ. ಸೋನುನ್ ಎರಡು ರೊಟ್ಟಿ ಕಾಗದದಲ್ಲಿ ಸುತ್ತಿ, ನೀಲಿ ತುಂಡನ್ನು ರೊಟ್ಟಿಯ ಕಾಗದದ ಅಂಚಿನಿಂದಲೇ ಇತ್ತ ತಳ್ಳಿದಳು.

ಮಕ್ಕಳು ಮಧ್ಯಾಹ್ನದ ನಿದ್ದೆಯಿಂದ ಎದ್ದು ಹಾಲು ಹಾಕಿದ ಉಪ್ಪು ಚಹಾ ಕುಡಿಯುತ್ತಿದ್ದ ಹೊತ್ತಿಗೆ ಅವಳು ವಾಪಸ್ ಬಂದಳು. ಅಡುಗೆಯವಳೂ ಇದ್ದಳು, ನೂರ್ಜತ್ ಕೂಡ ಯಾವುದೋ ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇಷ್ಟು ಜನ ಇರದಿದ್ದರೆ ಚೆನ್ನಾಗಿತ್ತು ಎಂದು ಕಲಿಪಾಗೆ ಅನ್ನಿಸಿತು. ಚೀಲ ಸುರಿದ ಆವತ್ತು ಇದಕ್ಕಿಂತ ಹೆಚ್ಚು ಜನ ಇದ್ದರು. ಕೋಟು ಬಿಚ್ಚದೆ ನೇರ ಬಾತ್ಮಾಳ ಹತ್ತಿರ ಹೋಗಿ ತುಂಡು ಚಾಚಿದಳು.

"ಇದು ಹತ್ತೊಂಬತ್ತನೇದು. ಇದಕ್ಕೆ ಕಿವಿ ಕತ್ತರಿಸು."

ಬಾತ್ಮಾಳ ಮುಖ ಅರಳಿತು. ಕಳೆದ ಮರಿ ಸಿಕ್ಕಿದರೆ ಇವರಿಗೆ ಸಂಭ್ರಮ, ಅಷ್ಟು ಸಾಕು ಇವರಿಗೆ. "ಎಲ್ಲಿ ಸಿಕ್ತು ಎಜೆ?"

"ನನ್ನ ಕೋಟಿನ ಒಳಪದರದಲ್ಲಿ," ಅಂದಳು ಕಲಿಪಾ. ಸದ್ದು ಸಾಲದೆಂದು ಮತ್ತೆ ಹೇಳಿದಳು. "ನನ್ನ ಕೋಟಲ್ಲಿ ಇತ್ತು. ನಾಲ್ಕು ವರ್ಷದಿಂದ ನನ್ನ ಮನೇಲಿ ಇತ್ತು. ಸೋನುನ್ ತಗೊಂಡಿರ್ಲಿಲ್ಲ. ಅವಳ ಚೀಲ ಸುರಿಸಿದ್ದು ನಾನು."

ಅಡುಗೆಯವಳು ಲೋಟ ಕೆಳಗಿಟ್ಟಳು. ಬಾತ್ಮಾಗೆ ಸೋನುನ್ ಯಾರೆಂದೇ ಗೊತ್ತಿರಲಿಲ್ಲ. ಅವಳು ಲಂಗದ ಜೇಬಿನಿಂದ ಸಣ್ಣ ಕತ್ತರಿ ತೆಗೆದು, ತುಂಡನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಕಿವಿಯ ಪಕ್ಕಕ್ಕೆ ಒಂದು ಕಚ್ಚು ಹಾಕಿದಳು. ನಾಲ್ಕು ವರ್ಷ ಹೊಸದಾಗಿ ಉಳಿದಿದ್ದದ್ದು ಒಂದು ಕ್ಷಣದಲ್ಲಿ ಉಳಿದವುಗಳ ಹಾಗೆ ಆಯಿತು. ಬೆಗಾಯಿಮ್ ಅದನ್ನು ಇಸಕೊಂಡು ಓಡಿ ಹೋಗಿ ಹಂಸದ ಕೊರಳ ಪಕ್ಕ ಕೂರಿಸಿ ಅಂಗೈಯಿಂದ ತಟ್ಟಿದಳು. ಆಮೇಲೆ ಕಿಟಕಿಯ ಕಟ್ಟೆಯಿಂದ ಹಸಿರು ತುಂಡನ್ನು ತಂದಳು. "ಇದನ್ನ ಎಲ್ಲಿಡೋದು?"

ಬಾತ್ಮಾ ಅದನ್ನು ತೆಗೆದುಕೊಂಡು ತಿರುಗಿಸಿ ನೋಡಿದಳು. ಬೆನ್ನಿಗೆ ಶೂ ಡಬ್ಬಿಯ ಅಕ್ಷರ ಅರ್ಧ ಕಾಣುತ್ತಿತ್ತು. ಅವಳ ಮುಖದಲ್ಲಿ ಕುಹಕ ಇದೆಯೇ ಎಂದು ಕಲಿಪಾ ಹೊಸ ಕಣ್ಣಿನಲ್ಲಿ ಹುಡುಕಿದಳು. ಇದ್ದಿದ್ದರೆ ಸಮಾಧಾನವಾಗುತ್ತಿತ್ತು.

"ಇದು ನಿಮ್ಮದೇ ಅಲ್ವಾ ಎಜೆ," ಅಂದಳು ಬಾತ್ಮಾ. "ಮನೆಗೆ ಹೊಡ್ಕೊಂಡು ಹೋಗಿ."

ಕಲಿಪಾ ಅದನ್ನು ಕೋಟಿನ ಹೊಲಿದ ಜೇಬಿಗೆ ಹಾಕಿಕೊಂಡಳು. ಬಾತ್ಮಾಳಿಂದ ಬೀಗದ ಕೈ ಇಸಕೊಂಡು ಕೊರಳಿಗೆ ಹಾಕಿಕೊಳ್ಳಲೆಂದು ಕೈ ಚಾಚಿ, ಚಾಚಿದ ಕೈಯಲ್ಲಿ ಇನ್ನೂ ರೊಟ್ಟಿಯ ಕಟ್ಟು ಇದ್ದದ್ದು ನೋಡಿ, ರೊಟ್ಟಿಯನ್ನು ಮೇಜಿನ ಮೇಲೆ ಮಕ್ಕಳ ಚಹಾದ ಪಕ್ಕ ಇಟ್ಟಳು. ಬೀಗದ ಕೈ ಕೇಳಲಿಲ್ಲ.